ಬೋಣಿ ಪ್ರಶ್ನೆ

ಭಾಷಣ ಮುಗಿದು, "ಪ್ರಶ್ನೆಗಳಿದ್ದರೆ ಕೇಳಬಹುದು" ಎಂದ ಕೂಡಲೇ ಸಭೆ ತಣ್ಣಗಾಗುತ್ತದೆ. ಅಲ್ಲಿಯವರೆಗೆ ತಲೆದೂಗುತ್ತಿದ್ದವರೆಲ್ಲ ಇದ್ದಕ್ಕಿದ್ದಂತೆ ತಮ್ಮ ಚಪ್ಪಲಿ ನೋಡಿಕೊಳ್ಳುತ್ತಾರೆ. ವೇದಿಕೆಯ ಮೇಲಿನ ಲೇಖಕರು ನೀರಿನ ಬಾಟಲಿಯ ಮುಚ್ಚಳವನ್ನು ಸುಮ್ಮನೆ ತಿರುಗಿಸುತ್ತಾರೆ. ಇಷ್ಟು ಹೊತ್ತು ಆಡಿದ್ದು ಯಾರಿಗಾದರೂ ಮುಟ್ಟಿತೋ ಇಲ್ಲವೋ ಎಂಬ ಹೆದರಿಕೆ ಎಂಥ ದೊಡ್ಡ ಲೇಖಕರ ಮುಖದಲ್ಲೂ ಆಗ ಕಾಣುತ್ತದೆ. ಆ ಹೆದರಿಕೆಯನ್ನು ಹೆಚ್ಚು ಹೊತ್ತು ಉಳಿಯಗೊಡದಿರುವುದೇ ಸಾಹಿತ್ಯೋತ್ಸವದಲ್ಲಿ ನನ್ನ ಕೆಲಸ.

ನಾವು ಸ್ವಯಂಸೇವಕರು ಅದನ್ನು ಬೋಣಿ ಪ್ರಶ್ನೆ ಎನ್ನುತ್ತೇವೆ. ಕೊರಳಲ್ಲಿರುವ ಗುರುತಿನ ಕಾರ್ಡನ್ನು ಬಟ್ಟೆಯೊಳಗೆ ಸರಿಸಿಕೊಂಡು, ಮೂರನೇ ಸಾಲಿನ ಅಂಚಿನ ಕುರ್ಚಿಯಲ್ಲಿ ಯಾರೋ ಓದುಗರ ಹಾಗೆ ಕೂತಿರಬೇಕು. ಯಾರೂ ಕೈ ಎತ್ತದಿದ್ದರೆ ಬಾಗಿಲ ಬಳಿ ನಿಂತ ಗಡಿಯಾರ ಸರ್ ಕಿವಿ ಕೆರೆದುಕೊಳ್ಳುತ್ತಾರೆ. ಆಗ ನಾನು, ಈಗಷ್ಟೇ ಏನೋ ಹೊಳೆಯಿತೆಂಬಂತೆ ಕೈ ಎತ್ತಬೇಕು. ಒಂದು ಬೋಣಿಯಾದರೆ ಸಾಕು, ಆಮೇಲೆ ವ್ಯಾಪಾರ ತಾನಾಗಿ ನಡೆಯುತ್ತದೆ. ಪ್ರಶ್ನೆ ಕೇಳುತ್ತೇನೆಂದು ಎದ್ದು ತಮ್ಮದೇ ಆತ್ಮಕಥೆ ಶುರುಮಾಡುವ ಮಹನೀಯರನ್ನು ಕೂರಿಸುವುದೇ ಮುಂದಿನ ಕಷ್ಟ.

ಗಡಿಯಾರ ಸರ್ ಎಂದರೆ ಉತ್ಸವದ ಮೇಲ್ವಿಚಾರಕರು. ಒಂದು ವಾಚನ್ನು ನಂಬದೆ ಎರಡೂ ಕೈಗೆ ಒಂದೊಂದು ಕಟ್ಟುತ್ತಾರೆ, ಅದಕ್ಕೇ ಆ ಹೆಸರು. ನನಗೆ ಬೋಣಿ ಮೇಡಂ ಎಂದು ಹೆಸರಿಟ್ಟವರು ಅವರು. ಇಡೀ ಆಯುಷ್ಯ ಒಬ್ಬ ಕಣ್ಣಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಮುಂದಿನ ಮೇಜಿಗೆ ಕೂತು ರೋಗಿಗಳನ್ನು ಕೂಗಿ ಕರೆದವಳು ನಾನು. ನನ್ನ ದನಿಗೆ ಮೈಕಿನ ಹಂಗಿಲ್ಲ. ಡಾಕ್ಟರು ವಯಸ್ಸಾಯಿತೆಂದು ಕ್ಲಿನಿಕ್ ಮುಚ್ಚಿದರು, ಕೆಲವು ವರ್ಷಕ್ಕೆ ಅಮ್ಮನೂ ತೀರಿಕೊಂಡಳು. ಲೈಬ್ರರಿಯ ಗೋಡೆಯ ಮೇಲೆ "ಸ್ವಯಂಸೇವಕರು ಬೇಕಾಗಿದ್ದಾರೆ" ಎಂಬ ಚೀಟಿ ನೋಡಿ ಇಲ್ಲಿಗೆ ಬಂದೆ. ಪುಸ್ತಕಪ್ರೀತಿ, ಸಾಹಿತ್ಯಸೇವೆ ಎಂದೆಲ್ಲ ಬೊಗಳೆ ಬಿಡುವುದಿಲ್ಲ. ಬೆಳಗ್ಗೆ ಎದ್ದರೆ ಹೋಗಲು ಒಂದು ಜಾಗ, ಮಧ್ಯಾಹ್ನ "ಊಟ ಆಯ್ತಾ ಮೇಡಂ" ಅನ್ನಲು ಒಂದು ಬಾಯಿ, ನನಗೆ ಬೇಕಾಗಿದ್ದುದು ಅಷ್ಟೇ.

ಈ ಸಲ ಉತ್ಸವಕ್ಕೆ ಕೆಲವೇ ದಿನ ಇರುವಾಗ ಹಿಂದಿನ ಕೋಣೆಯಲ್ಲಿ ನೆಲದ ಮೇಲೆ ಕೂತು ಪೋಸ್ಟರುಗಳ ಕಟ್ಟು ಬಿಚ್ಚುತ್ತಿದ್ದೆ. ಒಂದು ಕಟ್ಟಿನ ದಾರ ಕತ್ತರಿಸಿ ಸುರುಳಿ ಬಿಡಿಸಿದರೆ, ಒಳಗಿಂದ ನನ್ನ ತಂಗಿ ನನ್ನನ್ನು ನೋಡಿ ನಗುತ್ತಿದ್ದಾಳೆ.

ಒಡಹುಟ್ಟಿದವಳು ಊರಿಗೆ ಬರುವ ಸುದ್ದಿ ಪೋಸ್ಟರಿನಿಂದ ತಿಳಿಯಬೇಕಾಯಿತು. ಆದರೂ ಏನೂ ಅರಿಯದವಳಂತೆ ಗಡಿಯಾರ ಸರ್ ಹತ್ತಿರ ಕೇಳಿದೆ, "ಇವರು ಎಲ್ಲಿ ಉಳ್ಕೋತಾರೆ ಸರ್?"

"ಸ್ಟೇಷನ್ ಎದುರಿನ ಹೋಟೆಲ್‌ನಲ್ಲಿ ರೂಮು ಕೇಳಿದ್ದಾರೆ ಮೇಡಂ. ಈ ಊರಲ್ಲಿ ಅವರಿಗೆ ಯಾರೂ ಇಲ್ಲ ಅನ್ಸುತ್ತೆ."

ಆ ಹೋಟೆಲಿನಿಂದ ಹೊರಟರೆ, ಒಲೆಯ ಮೇಲಿಟ್ಟ ಹಾಲು ಉಕ್ಕುವುದರೊಳಗೆ ನಮ್ಮ ಮನೆಗೆ ಬಂದು ಮುಟ್ಟಬಹುದು.

ಪುಸ್ತಕದ ವಿಷಯವನ್ನು ಈಗ ಹೇಳಬೇಕು. ತಂಗಿಯನ್ನು ಮನೆಯಲ್ಲಿ ಕರೆಯುತ್ತಿದ್ದುದು ಪುಟ್ಟಿ ಎಂದು. ಓದಲೆಂದು ಬೇರೆ ಊರಿಗೆ ಹೋದವಳು ಅಲ್ಲೇ ಒಂದು ಪತ್ರಿಕೆಯಲ್ಲಿ ಕೆಲಸ ಹಿಡಿದು ನಿಂತಳು. ಅಮ್ಮನಿಗೆ ಮರೆವು ಹತ್ತಿ, ಆಮೇಲೆ ಹಾಸಿಗೆ ಹಿಡಿದಾಗ ನೋಡಿಕೊಂಡವಳು ನಾನು. ಇದನ್ನು ದೊಡ್ಡಸ್ತಿಕೆಗೆ ಹೇಳುತ್ತಿಲ್ಲ. ನನಗೆ ಮದುವೆಯಾಗಿರಲಿಲ್ಲ, ಮನೆಯಲ್ಲಿದ್ದೆ, ನೋಡಿಕೊಂಡೆ. ದಿನಾ ಸಂಜೆ ಪುಟ್ಟಿ ಫೋನ್ ಮಾಡುತ್ತಿದ್ದಳು. "ಇವತ್ತು ಅಮ್ಮ ಏನ್ಮಾಡಿದ್ಲು ಅಕ್ಕ?" ನಾನು ಒಂದೂ ಬಿಡದೆ ಹೇಳುತ್ತಿದ್ದೆ. ತಲೆಗೆ ನೀರು ಹಾಕುವಾಗ ಅಮ್ಮ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು "ಮುಗೀತಾ, ಮುಗೀತಾ" ಅನ್ನುವುದು, ಉಗುರು ಕತ್ತರಿಸಲು ಹೋದರೆ ಬೆರಳು ಮಡಚಿ ಮುಷ್ಟಿ ಮಾಡಿಕೊಳ್ಳುವುದು, ಕನ್ನಡಿಯೊಳಗೆ ಕಂಡ ಮುದುಕಿಗೆ ಕುರ್ಚಿ ಹಾಕು, ಪಾಪ ಆಗಿಂದ ನಿಂತಿದ್ದಾಳೆ ಎಂದು ನನ್ನನ್ನು ಗದರುವುದು. ಪುಟ್ಟಿ ನಗುತ್ತಿದ್ದಳು, ಅಳುತ್ತಿದ್ದಳು, ಆಮೇಲೆ ಆಮೇಲೆ ಎಂದು ಹೂಂಗುಟ್ಟುತ್ತಿದ್ದಳು. ದಿನವಿಡೀ ಹೊಲಸು ಬಟ್ಟೆ ಒಗೆದು ಸೊಂಟ ಬಿದ್ದುಹೋಗಿದ್ದರೂ ಆ ಫೋನು ಬಂತೆಂದರೆ ನನಗೆ ಜೀವ ಬರುತ್ತಿತ್ತು. ನನ್ನ ಮಾತಿಗೂ ಒಂದು ಬೆಲೆ ಇದೆ ಅನ್ನಿಸುತ್ತಿತ್ತು.

ಅಮ್ಮ ಹೋದ ಮೇಲೆ ಫೋನು ವಾರಕ್ಕೊಮ್ಮೆಯಾಯಿತು, ತಿಂಗಳಿಗೊಮ್ಮೆಯಾಯಿತು, ನಿಂತೇಹೋಯಿತು. ಆಮೇಲೊಂದು ದಿನ ಕೊರಿಯರಿನವನು ಪುಸ್ತಕ ತಂದುಕೊಟ್ಟ. ಅಮ್ಮನ ಕೊನೆಯ ವರ್ಷಗಳ ಕಥೆ. ಕೂತಲ್ಲೇ ಓದಿ ಮುಗಿಸಿದೆ. ತಲೆಗೆ ನೀರು ಹಾಕಿದ್ದು ಇತ್ತು, ಉಗುರು ಇತ್ತು, ಕನ್ನಡಿಯ ಮುದುಕಿ ಇದ್ದಳು. ನಾನು ಅಡ್ಡಾದಿಡ್ಡಿ ಹೇಳಿದ್ದನ್ನು ಪುಟ್ಟಿ ಇಸ್ತ್ರಿ ಮಾಡಿದ ಬಟ್ಟೆಯ ಹಾಗೆ ಚೊಕ್ಕವಾಗಿ ಮಡಿಚಿಟ್ಟಿದ್ದಳು. "ನಾನು ಅಮ್ಮನ ತಲೆಗೆ ನೀರು ಹಾಕಿದೆ" ಎಂದು ಬರೆದಿತ್ತು. ಆ ನಾನು ಪುಟ್ಟಿ. ಪುಸ್ತಕದ ಅಮ್ಮನಿಗೆ ಒಬ್ಬಳೇ ಮಗಳು. ಎಲ್ಲಾದರೂ ಒಂದು ಬಾಗಿಲ ಸಂದಿಯಲ್ಲಿ, ಒಂದು ಹಳೆಯ ಫೋಟೋದಲ್ಲಿ ಯಾರೋ ಅಕ್ಕ ನಿಂತಿರಬಹುದೇನೋ ಎಂದು ಮತ್ತೆ ಮೊದಲಿಂದ ಹುಡುಕಿದೆ. ಇರಲಿಲ್ಲ.

ಕದ್ದಳು ಎಂದು ನನಗೆ ಸಿಟ್ಟಿರಲಿಲ್ಲ, ನಂಬುವವರು ನಂಬಲಿ. ಆ ಮಾತುಗಳನ್ನು ಇಟ್ಟುಕೊಂಡು ನಾನೇನು ಉಪ್ಪಿನಕಾಯಿ ಹಾಕುತ್ತಿದ್ದೆನೇ? ಬರೆದಳು, ಒಳ್ಳೆಯದೇ ಆಯಿತು. ಆದರೆ ಹಗಲೂ ರಾತ್ರಿ ಆ ಮನೆಯಲ್ಲಿದ್ದವಳು ನಾನು ಎಲ್ಲಿಗೆ ಹೋದೆ? ಪುಟ್ಟಿಗೆ ಫೋನ್ ಮಾಡಿ ಕೇಳಬಹುದಿತ್ತು. ಮಾಡಲಿಲ್ಲ. ಅವಳೂ ಮಾಡಲಿಲ್ಲ. ಇಬ್ಬರೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು, ಬಿಗುಮಾನಕ್ಕೇನೂ ಕೊರತೆಯಿಲ್ಲ.

ಪೋಸ್ಟರ್ ನೋಡಿದ ದಿನವೇ ನಿರ್ಧಾರ ಮಾಡಿಬಿಟ್ಟೆ. ಪುಟ್ಟಿಯ ಗೋಷ್ಠಿಯ ಬೋಣಿ ಪ್ರಶ್ನೆ ನನ್ನದು. ತುಂಬಿದ ಸಭೆಯಲ್ಲಿ ಅವಳ ಬಾಯಿಂದ ಒಂದೇ ಒಂದು ಮಾತು ಬರಬೇಕು: ನನಗೊಬ್ಬಳು ಅಕ್ಕ ಇದ್ದಾಳೆ. ಅವಳ ಮಾನ ಕಳೆಯುವ ಆಸೆ ನನಗಿರಲಿಲ್ಲ. ಆ ಮಾತೊಂದನ್ನು ಕಿವಿಯಾರೆ ಕೇಳಿ ಮನೆಗೆ ಹೋಗಿ ಮಲಗಿದರೆ ನಿದ್ದೆಯಾದರೂ ಬಂದೀತು.

"ಆ ತಾಯಿ ಪುಸ್ತಕದವರ ಗೋಷ್ಠಿಗೆ ನಾನೇ ಕೂತ್ಕೋತೀನಿ ಸರ್," ಎಂದೆ.

"ಕೂತ್ಕೊಳ್ಳಿ. ಬರವಣಿಗೆಗೆ ಪ್ರೇರಣೆ ಏನು ಅಂತ ಕೇಳ್ಬಿಡಿ, ಯಾವತ್ತೂ ಕೆಡದ ಪ್ರಶ್ನೆ ಅದು," ಎಂದು ಎರಡೂ ವಾಚು ನೋಡಿಕೊಂಡು ಹೊರಟರು.

ಗೋಷ್ಠಿಯ ದಿನ ಸಭಾಂಗಣ ಕಿಕ್ಕಿರಿದಿತ್ತು. ಕುರ್ಚಿ ಸಾಲದೆ ಗೋಡೆಗೆ ಒರಗಿಯೂ ಜನ ನಿಂತಿದ್ದರು. ಪುಟ್ಟಿ ಪಕ್ಕದ ಬಾಗಿಲಿನಿಂದ ವೇದಿಕೆಗೆ ಬಂದಳು. ಅಯ್ಯೋ, ಎಷ್ಟು ಸೊರಗಿದ್ದಾಳೆ ಅನ್ನಿಸಿತು ಮೊದಲು. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ಕೂರುವ ಮುಂಚೆ ಕುರ್ಚಿಯನ್ನು ಕೈಯಿಂದ ಒರೆಸಿ ಕೂತಳು, ಥೇಟ್ ಅಮ್ಮ. ಅಷ್ಟು ದಿನ ಬೇಯುತ್ತಿದ್ದ ನನ್ನ ಸಿಟ್ಟು ಆ ಕೈ ನೋಡಿ ಎಲ್ಲಿಗೋ ಹೋಯಿತು. ಎದ್ದು ಹೋಗಿ ಬೆಳಗ್ಗೆ ಏನಾದರೂ ತಿಂದೆಯಾ ಎಂದು ಕೇಳುವ ಹಾಗಾಯಿತು. ಸಿಟ್ಟನ್ನು ಮತ್ತೆ ಎಳೆದು ತಂದುಕೊಳ್ಳಬೇಕಾಯಿತು.

ಗೋಷ್ಠಿ ನಡೆಸಿಕೊಡುತ್ತಿದ್ದವರು ಕಾಲೇಜಿನ ಒಬ್ಬ ಮೇಷ್ಟ್ರು. ಅವರು ಹೊಗಳಿ ಮುಗಿಸಿದ ಮೇಲೆ ಪುಟ್ಟಿ ಪುಸ್ತಕ ತೆರೆದು ಓದಿದಳು. ಕನ್ನಡಿಯ ಮುದುಕಿಯ ಭಾಗ. ಸಭೆ ಮೊದಲು ನಕ್ಕಿತು, ಆಮೇಲೆ ಮೂಗು ಒರೆಸಿಕೊಂಡಿತು. ನನ್ನ ಪಕ್ಕದ ಕುರ್ಚಿಯ ಹೆಂಗಸು ಕನ್ನಡಕ ತೆಗೆದು ಕಣ್ಣೊತ್ತಿಕೊಳ್ಳುತ್ತಾ ನನ್ನ ಕಡೆ ಬಾಗಿದಳು.

"ಎಂಥಾ ಮಗಳು ನೋಡಿ. ಈ ಕಾಲದಲ್ಲಿ ಯಾರು ಮಾಡ್ತಾರೆ ಇಷ್ಟೆಲ್ಲ?"

"ಹೌದು," ಎಂದೆ. "ಆ ತಾಯಿ ಪುಣ್ಯ ಮಾಡಿದ್ಲು."

"ಪ್ರಶ್ನೆಗಳಿದ್ದರೆ ಕೇಳಬಹುದು," ಎಂದರು ಮೇಷ್ಟ್ರು. ಸಭೆ ತಣ್ಣಗಾಯಿತು. ಅತ್ತವರಿಗೆ ಪ್ರಶ್ನೆ ಕೇಳಲು ನಾಚಿಕೆ. ಪುಟ್ಟಿ ಬಾಟಲಿಯ ಮುಚ್ಚಳ ತಿರುಗಿಸಿದಳು. ಬಾಗಿಲ ಬಳಿ ಗಡಿಯಾರ ಸರ್ ಕಿವಿ ಕೆರೆದುಕೊಂಡರು. ನಾನು ಕೈ ಎತ್ತಿದೆ, ಯಾರೋ ಮೈಕು ತಂದು ಕೈಗಿಟ್ಟರು.

"ನಮಸ್ಕಾರ," ಎಂದೆ. ಆ ಒಂದು ಪದಕ್ಕೇ ಪುಟ್ಟಿಯ ತಲೆ ತಟ್ಟನೆ ಮೇಲೆದ್ದಿತು. ಎಷ್ಟೋ ಸಂಜೆ ಕೇಳಿದ ದನಿ ಅಲ್ಲವೇ. "ಈ ಪುಸ್ತಕದಲ್ಲಿ ಅಮ್ಮನಿಗೆ ಒಬ್ಬಳೇ ಮಗಳು. ನಿಮಗೆ ಒಡಹುಟ್ಟಿದವರು ಯಾರೂ ಇಲ್ವಾ?"

ಗಡಿಯಾರ ಸರ್ ಕಿವಿಯ ಮೇಲಿದ್ದ ಕೈ ಹಾಗೇ ನಿಂತಿತು. ಪುಟ್ಟಿ ಕೈಯಲ್ಲಿದ್ದ ಬಾಟಲಿಯನ್ನು ಮೇಜಿನ ಮೇಲಿಟ್ಟಳು. ಅವಳು ಇಲ್ಲ ಎಂದುಬಿಡುತ್ತಾಳೆ ಎಂದೇ ನನಗೆ ಭಯವಾಯಿತು. ಇಲ್ಲ ಎಂದರೆ ಏನು ಮಾಡಬೇಕೆಂದು ನಾನು ಯೋಚಿಸಿರಲಿಲ್ಲ.

"ಇದ್ದಾಳೆ," ಎಂದಳು ಪುಟ್ಟಿ. ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಈಗ ಪ್ರಶ್ನೆ ಕೇಳಿದ್ರಲ್ಲ, ಇವರೇ. ನನ್ನ ಅಕ್ಕ."

ಸಭೆಗೆ ಸಭೆಯೇ ನನ್ನ ಕಡೆ ತಿರುಗಿತು. ಕನ್ನಡಕದ ಹೆಂಗಸು ಬಾಯಿಬಿಟ್ಟುಕೊಂಡು ನೋಡಿದಳು. ನಾನು ಬಯಸಿ ಬಂದದ್ದು ಇದೇ ತಾನೇ, ಸಿಕ್ಕಿಬಿಟ್ಟಿತು. ಕೂತುಬಿಡಬೇಕಿತ್ತು. ಆದರೆ ಪುಟ್ಟಿಯ ಮಾತು ಮುಗಿದಿರಲಿಲ್ಲ.

"ಅಮ್ಮನ್ನ ನೋಡ್ಕೊಂಡಿದ್ದು ಅಕ್ಕ, ನಾನಲ್ಲ. ನಾನು ಅಲ್ಲಿರಲೇ ಇಲ್ಲ. ಬರೆದ್ರೆ ಇದ್ದ ಹಾಗಾಗುತ್ತೆ ಅಂದ್ಕೊಂಡೆ. ಮೊದಲು ಬರೆಯೋವಾಗ ಅಕ್ಕ ಇದ್ಲು, ಪುಟಪುಟದಲ್ಲೂ ಇದ್ಲು. ಆಮೇಲೆ ಅವಳು ಫೋನಲ್ಲಿ ಹೇಳಿದ ಒಂದು ಮಾತು ನೆನಪಾಯ್ತು. ಅಮ್ಮ ಅಕ್ಕನ್ನ ಪುಟ್ಟಿ ಅಂತ ಕರೀತಿದ್ಲು. ಪುಟ್ಟಿ ಅಂದ್ರೆ ನಾನು. ತನ್ನ ಹತ್ರ ಇರೋಳು ಚಿಕ್ಕ ಮಗಳು ಅಂತಲೇ ಅಮ್ಮ ಕೊನೇವರೆಗೂ ತಿಳ್ಕೊಂಡಿದ್ಲು. ದೊಡ್ಡವಳು ಒಬ್ಬಳಿದ್ದಾಳೆ ಅನ್ನೋದೇ ಅವಳಿಗೆ ಮರೆತುಹೋಗಿತ್ತು. ಅಮ್ಮನ ಕಣ್ಣಿಗೆ ಹೇಗೆ ಕಂಡಿತೋ ನಾನು ಹಾಗೇ ಬರೆದೆ. ಅದು ಸರಿಯೋ ತಪ್ಪೋ ನಂಗೆ ಇವತ್ತಿಗೂ ಗೊತ್ತಿಲ್ಲ ಅಕ್ಕ."

ಹೇಳಿದ್ದೆ, ನಿಜ. ನಗುನಗುತ್ತಲೇ ಹೇಳಿದ್ದೆ. ಮೊದಲ ಸಲ ಅಮ್ಮ ಪುಟ್ಟಿ ಎಂದಾಗ, "ನಾನು ಪುಟ್ಟಿ ಅಲ್ಲಮ್ಮ, ದೊಡ್ಡವಳು" ಎಂದು ತಿದ್ದಿದ್ದೆ. ಯಾರೋ ಹೊರಗಿನವಳು ಮನೆ ಹೊಕ್ಕಿದ್ದಾಳೆಂದು ಅಮ್ಮ ಹೆದರಿ ಅತ್ತಳು, ತುತ್ತು ಮುಟ್ಟಲಿಲ್ಲ. ಮಾರನೆಯ ದಿನ, "ಹೂಂ, ನಾನೇ ಪುಟ್ಟಿ, ಬಾಯಿ ತೆಗಿ" ಎಂದೆ. ಬಾಯಿ ತೆಗೆದಳು. ಆಮೇಲೆ ನಾನು ಆ ಮನೆಯಲ್ಲಿ ಪುಟ್ಟಿಯಾಗಿಯೇ ಉಳಿದೆ. ಅಮ್ಮ ಪುಟ್ಟಿಯ ಕೈ ಸವರುತ್ತಿದ್ದಳು, ಪುಟ್ಟಿ ಬೇಗ ಬಾ ಎನ್ನುತ್ತಿದ್ದಳು. ದೊಡ್ಡವಳು ಎಲ್ಲಿ ಎಂದು ಒಂದೇ ಒಂದು ಸಲವೂ ಕೇಳಲಿಲ್ಲ. ನನ್ನ ಹೆಸರು ಅವಳ ನಾಲಿಗೆಗೆ ಮತ್ತೆ ಬರಲೇ ಇಲ್ಲ. ಆ ತಪ್ಪನ್ನು ಪುಟ್ಟಿಯ ಮೇಲೆ ಹೊರಿಸಿ ಇಷ್ಟು ದಿನ ಉಸಿರಾಡುತ್ತಿದ್ದೆ ನಾನು. ನನ್ನನ್ನು ಮೊದಲು ಬಿಟ್ಟವಳು ಪುಟ್ಟಿಯಲ್ಲ.

ಮೈಕು ಇನ್ನೂ ನನ್ನ ಕೈಯಲ್ಲೇ ಇತ್ತು. ಮೇಷ್ಟ್ರು ಮುಂದಕ್ಕೆ ಬಾಗಿ, ತುಂಬ ಮೆತ್ತಗೆ ಕೇಳಿದರು, "ತಾಯಿಯವರು ಕೊನೆಗೂ ನಿಮ್ಮ ಹೆಸರು ಹಿಡಿದು ಕರೀಲೇ ಇಲ್ವಾ ಮೇಡಂ?"

ಪಾಪ, ಕನಿಕರದಿಂದಲೇ ಕೇಳಿದ್ದು. ಸಭೆಯ ಮುಖದಲ್ಲೆಲ್ಲ ಅದೇ ಕನಿಕರ. ಅಷ್ಟೂ ಜನ ನನ್ನನ್ನು ಅಯ್ಯೋ ಎಂದು ನೋಡುತ್ತಿದ್ದರು, ನನಗೆ ಅದನ್ನು ತಡೆಯಲಾಗಲಿಲ್ಲ.

"ಕರೆದ್ಲು," ಎಂದೆ. "ಒಂದ್ಸಲ. ಹೋಗೋ ಹಿಂದಿನ ದಿನ. ಕಣ್ಣು ಬಿಟ್ಟು ನನ್ನ ಮುಖ ನೋಡಿದ್ಲು, ಹೆಸರು ಹಿಡಿದು ಕರೆದ್ಲು."

ಮೊದಲು ಯಾರೋ ಒಬ್ಬರು ಚಪ್ಪಾಳೆ ತಟ್ಟಿದರು, ಆಮೇಲೆ ಎಲ್ಲರೂ. ಕನ್ನಡಕದ ಹೆಂಗಸು ನನ್ನ ಮೊಣಕೈ ಹಿಡಿದುಕೊಂಡು ಅತ್ತಳು. ಪುಟ್ಟಿ ಬಾಯಿಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು. ನಾನು ಮೈಕು ಕೊಟ್ಟು ಕೂತೆ. ಬೋಣಿ ಚೆನ್ನಾಗಿಯೇ ಆಗಿತ್ತು, ಹಿಂದಿನ ಸಾಲುಗಳಲ್ಲಿ ನಾಲ್ಕಾರು ಕೈ ಎದ್ದಿದ್ದವು.

ಗೋಷ್ಠಿ ಮುಗಿದ ಮೇಲೆ ಪುಟ್ಟಿಯ ಮುಂದೆ ಹಸ್ತಾಕ್ಷರಕ್ಕೆ ಜನ ಸಾಲುಗಟ್ಟಿದರು. ನನಗೂ ಪಕ್ಕದ ಸಭಾಂಗಣದಲ್ಲಿ ಬೇರೊಬ್ಬ ಲೇಖಕರ ಬೋಣಿ ಇತ್ತು. ಹಾದುಹೋಗುವಾಗ ಪುಟ್ಟಿ ಅಷ್ಟೂ ಜನರ ತಲೆಯ ಮೇಲಿಂದ ಕೂಗಿದಳು, "ಅಕ್ಕ, ಸಂಜೆ ಫೋನ್ ಮಾಡ್ತೀನಿ." ಮನೆಗೆ ಬರುತ್ತೇನೆ ಎನ್ನಲಿಲ್ಲ. ಬಾ ಎಂದು ನಾನೂ ಕರೆಯಲಿಲ್ಲ. ಬಾಗಿಲಲ್ಲಿ ಗಡಿಯಾರ ಸರ್ ಏನೋ ಕೇಳಲು ಹೊರಟವರು ನನ್ನ ಮುಖ ನೋಡಿ, "ನೀರು ಕುಡೀರಿ ಮೇಡಂ" ಎಂದಷ್ಟೇ ಹೇಳಿ ತಮ್ಮ ಬಾಟಲಿ ಕೊಟ್ಟರು.

ಮನೆಗೆ ಬಂದು ದೀಪ ಹಾಕಿದೆ. ಅಮ್ಮನ ಮಂಚದ ಮೇಲೆ ಈಗ ಒಣಗಿದ ಬಟ್ಟೆ ಗುಡ್ಡೆ ಹಾಕುತ್ತೇನೆ. ಬಟ್ಟೆ ಪಕ್ಕಕ್ಕೆ ತಳ್ಳಿ ಅಲ್ಲೇ ಕೂತೆ. ಸುಳ್ಳು ಹೇಳಿದ್ದಕ್ಕೆ ಪಶ್ಚಾತ್ತಾಪವಾಗಬೇಕಿತ್ತು, ಆಗಲಿಲ್ಲ. ಆ ಮಾತು ಆಡಿದ ಹೊತ್ತಿನಲ್ಲಿ ನನಗೆ ಅಮ್ಮ ನಿಜವಾಗಿಯೂ ಕರೆದಳು ಅನ್ನಿಸಿತ್ತು. ಈ ಕೋಣೆಗೆ ಬಂದು ಕೂತ ಮೇಲೆ ಹಾಗೆ ಅನ್ನಿಸಲಿಲ್ಲ. ಇಲ್ಲಿ ಏನು ನಡೆಯಿತು, ಏನು ನಡೆಯಲಿಲ್ಲ ಎಂಬುದು ನನಗೊಬ್ಬಳಿಗೇ ಗೊತ್ತು. ಹೌದು ಎನ್ನಲೂ ಅಲ್ಲ ಎನ್ನಲೂ ಇನ್ನೊಂದು ಜೀವವಿಲ್ಲ.

ಫೋನು ಬಂತು.

"ಅಕ್ಕ."

"ಹೇಳು ಪುಟ್ಟಿ. ಊಟ ಆಯ್ತಾ?"

"ಹೂಂ. ಅಮ್ಮ ನಿನ್ನ ಕರೆದಿದ್ದು ನಂಗೆ ಯಾಕೆ ಹೇಳಲಿಲ್ಲ? ಎಲ್ಲಾ ಹೇಳ್ತಿದ್ಯಲ್ಲ."

"ಅದೊಂದು ನನಗೇ ಇರ್ಲಿ ಅಂತ."

"ಇರ್ಲಿ. ನಾನು ಬರೆಯಲ್ಲ, ಹೆದರ್ಕೋಬೇಡ. ಆದ್ರೆ ಹೇಗೆ ಕರೆದ್ಲು? ಅವಳ ಥರಾನೇ ಒಂದ್ಸಲ ಕರೆದು ತೋರ್ಸು ಅಕ್ಕ. ಅಮ್ಮನ ದನಿ ನಂಗೆ ಮರೆತುಹೋಗ್ತಿದೆ. ಬರೆದಿದ್ದೆಲ್ಲ ಇದೆ, ದನಿ ಇಲ್ಲ."

ನನ್ನ ಹೆಸರು ಹಿಡಿದು ಕರೆಯುವವರು ಈಗ ಯಾರಿದ್ದಾರೆ? ಪುಟ್ಟಿಗೆ ಅಕ್ಕ, ಉತ್ಸವದವರಿಗೆ ಬೋಣಿ ಮೇಡಂ, ಪಕ್ಕದ ಮನೆಯವರಿಗೆ ಆಂಟಿ. ಕರೆಂಟು ಬಿಲ್ಲಿನ ಮೇಲೆ ಬಿಟ್ಟರೆ ಆ ಹೆಸರಿಗೆ ಬೇರೆ ಕೆಲಸವೇ ಇಲ್ಲ. ಅಮ್ಮ ಗಟ್ಟಿಮುಟ್ಟಾಗಿದ್ದಾಗ, ನಾನು ಶಾಲೆಗೆ ಹೋಗುತ್ತಿದ್ದಾಗ, ಬಾಗಿಲಲ್ಲಿ ನಿಂತು ಬೀದಿಯ ಕೊನೆಗೆ ಕೇಳುವ ಹಾಗೆ ಕರೆಯುತ್ತಿದ್ದಳಲ್ಲ, ಮೊದಲಕ್ಷರ ಒತ್ತಿ, ಕೊನೆಯದನ್ನು ಎಳೆದು. ಅದನ್ನು ನೆನೆಸಿಕೊಂಡೆ. ಎದ್ದು ನಿಂತೆ. ಖಾಲಿ ಮನೆಯಲ್ಲಿ, ಅಮ್ಮನ ದನಿಯಲ್ಲಿ, ನನ್ನ ಹೆಸರನ್ನು ಕೂಗಿ ಕರೆದೆ.

ಆ ಕಡೆ ಪುಟ್ಟಿ ಬಿಕ್ಕುತ್ತಿದ್ದಳು. "ಇನ್ನೊಂದ್ಸಲ ಅಕ್ಕ," ಎಂದಳು.

ಇನ್ನೊಂದು ಸಲ ಕರೆದೆ. ಈ ಸಲ ಕರೆದು ಮುಗಿಸುವಷ್ಟರಲ್ಲಿ, ನನಗರಿವಿಲ್ಲದೆ, "ಬಂದೆ ಅಮ್ಮ" ಎಂದುಬಿಟ್ಟೆ.

"ಆವತ್ತೂ ಹೀಗೇ ಅಂದ್ಯಾ?" ಎಂದು ಕೇಳಿದಳು ಪುಟ್ಟಿ.

"ಹೂಂ," ಎಂದೆ. "ಹೀಗೇ ಅಂದೆ."